ಅಮೆರಿಕದಲ್ಲಿ ವೋಲ್ವೋ ಎಸ್60 ಕೊಳ್ಳುವ ಮುನ್ನ: ಹೊಸಬರಿಗೆ ಮಾರ್ಗದರ್ಶಿ

ಮನೆಯಲ್ಲಿ ಚಿಕ್ಕ ಮಗು, ಬೇಸಿಗೆಗೆ ಊರಿಂದ ಬರುವ ಅಪ್ಪ ಅಮ್ಮ, ಮೊದಲ ಸಲ ಹಿಮದಲ್ಲಿ ಗಾಡಿ ಓಡಿಸುವ ಅಳುಕು. ಇಷ್ಟಿರುವವರು "ಸೇಫ್ ಕಾರು ಯಾವುದು?" ಎಂದು ಕೇಳಿದರೆ ಯಾರಾದರೊಬ್ಬರು ವೋಲ್ವೋ ಅಂದೇ ಅನ್ನುತ್ತಾರೆ. ಸಲಹೆ ತಪ್ಪಲ್ಲ. ಆದರೆ ಕ್ರ್ಯಾಶ್ ಟೆಸ್ಟ್‌ನಲ್ಲಿ ಗೆದ್ದದ್ದು ಕಾರ್ಖಾನೆಯಿಂದ ನೇರವಾಗಿ ಬಂದ ಕಾರು. ನಿಮ್ಮೆದುರು ನಿಂತಿರುವುದು ಯಾರೋ ಐದಾರು ವರ್ಷ ಓಡಿಸಿದ, ಗಾಜು ಬದಲಾಗಿರಬಹುದಾದ, ಎಲ್ಲೋ ಗುದ್ದಿಸಿಕೊಂಡಿರಬಹುದಾದ ಕಾರು. ದುಡ್ಡು ಕೊಡಬೇಕಾದ್ದು ಬ್ರ್ಯಾಂಡಿನ ಹೆಸರಿಗಲ್ಲ, ಈ ಒಂದು ಕಾರಿಗೆ. ಹಾಗಾಗಿ ಪರೀಕ್ಷೆಯೂ ಇದಕ್ಕೇ ಆಗಬೇಕು.

ಒಂದು ಗೊಂದಲ ಮೊದಲೇ ಬಗೆಹರಿಸಿಬಿಡೋಣ. ನಮ್ಮ ಐರಾವತ ಬಸ್ಸು ಮಾಡುವ ವೋಲ್ವೋ ಬೇರೆ, ಕಾರು ಮಾಡುವ ವೋಲ್ವೋ ಬೇರೆ. ಕಾರಿನ ವಿಭಾಗ 1999ರಲ್ಲಿ ಫೋರ್ಡ್‌ಗೆ ಹೋಯಿತು, 2010ರಿಂದ ಚೀನಾದ ಗೀಲಿ ಕೈಯಲ್ಲಿದೆ. ಬಸ್ಸಿನ ಅನುಭವದ ಮೇಲೆ ಕಾರನ್ನು ಅಳೆಯಬೇಡಿ.

ಯಾವ ವರ್ಷದ್ದು?

ಮಾರುಕಟ್ಟೆಯಲ್ಲಿ ಕಾಣುವ ಎಸ್60 ಮೂರು ತಲೆಮಾರಿನದು. 2001ರಿಂದ 2009ರವರೆಗಿನದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕುಟುಂಬದ ಮುಖ್ಯ ಕಾರಾಗಿ ಬೇಡ. ಅವುಗಳ ಡ್ರೈವರ್ ಏರ್‌ಬ್ಯಾಗಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಒಡೆದು ಲೋಹದ ಚೂರು ಸಿಡಿಯಬಹುದು ಎಂಬ ಕಾರಣಕ್ಕೆ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು) ಆಗಿದೆ.

2011ರಿಂದ 2018ರವರೆಗಿನ ಎರಡನೇ ತಲೆಮಾರು ದೇಹದಲ್ಲಿ ಗಟ್ಟಿ. 2012ರಲ್ಲಿ ವಿಮಾ ಕಂಪನಿಗಳ ಸಂಸ್ಥೆ ಐಐಎಚ್‌ಎಸ್ ಮೊದಲ ಬಾರಿಗೆ ಸ್ಮಾಲ್ ಓವರ್‌ಲ್ಯಾಪ್ ಟೆಸ್ಟ್ ನಡೆಸಿತು. ಕಾರಿನ ಮುಂಭಾಗದ ಕಾಲು ಭಾಗ ಮಾತ್ರ ಗಂಟೆಗೆ 40 ಮೈಲಿ ವೇಗದಲ್ಲಿ ತಡೆಗೋಡೆಗೆ ಬಡಿಯುವ ಪರೀಕ್ಷೆ ಅದು. ಅಂದು ಗುದ್ದಿಸಿದ 11 ಮಧ್ಯಮ ಗಾತ್ರದ ಲಕ್ಷುರಿ ಕಾರುಗಳಲ್ಲಿ 'ಗುಡ್' ಬಂದದ್ದು ಎರಡಕ್ಕೆ ಮಾತ್ರ: ಅಕ್ಯುರಾ ಟಿಎಲ್ ಮತ್ತು ಎಸ್60. ಆದರೆ ಈ ತಲೆಮಾರಿನ ಎಲ್ಲ ಕಾರುಗಳಲ್ಲೂ ಬಂದದ್ದು ಕಡಿಮೆ ವೇಗದಲ್ಲಿ ಮುಂದಿನ ಗಾಡಿಗೆ ಗುದ್ದದಂತೆ ತಾನಾಗಿ ಬ್ರೇಕ್ ಹಾಕುವ ಸಿಟಿ ಸೇಫ್ಟಿ. ಪಾದಚಾರಿಯನ್ನು ಗುರುತಿಸಿ ಬ್ರೇಕ್ ಹಾಕುವುದು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಪ್ಯಾಕೇಜಿನಲ್ಲಿತ್ತು. ಜಾಹೀರಾತಿನಲ್ಲಿ ಬರೆದಿದೆ ಎಂದು ನಂಬದೆ ಹೊಸದಾಗಿದ್ದಾಗ ಕಾರಿನ ಸೌಲಭ್ಯಗಳನ್ನೆಲ್ಲ ಪಟ್ಟಿ ಮಾಡಿದ ಮೂಲ ವಿಂಡೋ ಸ್ಟಿಕ್ಕರಿನ ಪ್ರತಿ ಕೇಳಿ. 2015-16ರ 4 ಸಿಲಿಂಡರ್ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ತೊಂದರೆಯಿಂದ ಆಯಿಲ್ ಕುಡಿಯುವ ಚಾಳಿಯೂ ಇದೆ. ಎರಡು ಆಯಿಲ್ ಚೇಂಜ್‌ಗಳ ನಡುವೆ ಎಷ್ಟು ಆಯಿಲ್ ಸುರಿಯಬೇಕಾಯಿತು ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಆ ಎರಡು ವರ್ಷದವನ್ನು ಬಿಟ್ಟುಬಿಡಿ.

ನಮ್ಮ ಶಿಫಾರಸು 2019ರಿಂದ ಈಚಿನ ಮೂರನೇ ತಲೆಮಾರಿಗೆ. ಇದು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಳಿಯ ಕಾರ್ಖಾನೆಯದು. ಅಲ್ಲಿ ಇದರ ತಯಾರಿಕೆ 2024ರಲ್ಲಿ ನಿಂತಿದೆ, ಹಾಗಾಗಿ ಹೊಸದು ಎಂದು ಸಿಕ್ಕರೂ ಅದು ಡೀಲರ್ ಬಳಿ ಉಳಿದ ದಾಸ್ತಾನು. ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಟೈರಿನ ದಿನಾಂಕ ನೋಡಿ, 12 ವೋಲ್ಟ್ ಬ್ಯಾಟರಿ ಪರೀಕ್ಷಿಸಿ ಕೊಡಿ ಅನ್ನಿ, ಬೆಲೆಯಲ್ಲೂ ಚೌಕಾಸಿ ಮಾಡಿ. ಈ ತಲೆಮಾರಿನ ಮೊದಲ ವರ್ಷಗಳ ಕಾರಿನಲ್ಲಿ ಟಿ5 ಎಂಜಿನ್‌ಗೆ 250 ಅಶ್ವಶಕ್ತಿ, ಟಿ6ಗೆ 316 ಅಶ್ವಶಕ್ತಿ ಮತ್ತು ಆಲ್ ವೀಲ್ ಡ್ರೈವ್. 2022ರಿಂದ ಮೈಲ್ಡ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್‌ಗೆ ಸಣ್ಣ ಮೋಟಾರಿನ ನೆರವು) ಬಿ5 ಬಂತು. ಆಫೀಸು, ಶಾಲೆ, ದೇವಸ್ಥಾನ ಸುತ್ತುವವರಿಗೆ ಟಿ5 ಅಥವಾ ಬಿ5 ಧಾರಾಳ ಸಾಕು. ಟಿ6ರಲ್ಲಿ ಟರ್ಬೋ ಜೊತೆಗೆ ಸೂಪರ್‌ಚಾರ್ಜರೂ ಇದೆ. ಭಾಗಗಳು ಹೆಚ್ಚಿದಷ್ಟೂ ರಿಪೇರಿಯ ಬಾಬ್ತು ಹೆಚ್ಚು.

ಪ್ಲಗ್-ಇನ್ ಟಿ8, ಅಂದರೆ ಪೆಟ್ರೋಲ್ ಜೊತೆಗೆ ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರಿನ ಬಗ್ಗೆ ಖಡಾಖಂಡಿತ ಮಾತು: ಅಪಾರ್ಟ್‌ಮೆಂಟಿನಲ್ಲಿ ಸ್ವಂತ ಚಾರ್ಜಿಂಗ್ ಇಲ್ಲದಿದ್ದರೆ ಬೇಡ. ಮೊದಲ ವರ್ಷಗಳ 11.6 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೊಟ್ಟ ವಿದ್ಯುತ್ ಓಟ 22 ಮೈಲಿ. 18.8 ಕಿಲೋವ್ಯಾಟ್ ಅವರ್ ಬ್ಯಾಟರಿಯ 2023ರ ಮಾದರಿಗೆ 41 ಮೈಲಿ. ಚಾರ್ಜ್ ಮಾಡದೆ ಓಡಿಸಿದರೆ ಬ್ಯಾಟರಿಯ ಭಾರ ಹೊತ್ತು ಪೆಟ್ರೋಲ್ ಸುಡುವುದೊಂದೇ ಲಾಭ. 'ಫೆಡರಲ್ ತೆರಿಗೆ ವಿನಾಯಿತಿ ಸಿಗುತ್ತದೆ' ಎಂದು ಯಾರಾದರೂ ಹೇಳಿದರೆ, ಅದು 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ.

ಕಾರು ನೋಡಲು ಹೋಗುವ ಮುನ್ನ

ಕಾರಿನ ಗುರುತಿನ ಸಂಖ್ಯೆಯಾದ 17 ಅಕ್ಷರ-ಅಂಕಿಗಳ ವಿಐಎನ್ ಕೇಳಿ ತರಿಸಿಕೊಳ್ಳಿ. ಕೊಡಲು ಹಿಂದೆಮುಂದೆ ನೋಡುವ ಮಾರಾಟಗಾರನಿಗೆ ಅಲ್ಲೇ ನಮಸ್ಕಾರ ಹೇಳಿ. ಚಾರ್ಲ್ಸ್‌ಟನ್‌ನಲ್ಲಿ ತಯಾರಾದ ಕಾರಿನದು 7ಜೆಆರ್ ಎಂದು ಶುರುವಾಗುತ್ತದೆ. ಹತ್ತನೆಯ ಅಕ್ಷರ ಮಾಡೆಲ್ ವರ್ಷ: ಕೆ ಅಂದರೆ 2019, ಎಲ್ 2020, ಎಂ 2021, ಎನ್ 2022, ಪಿ 2023, ಆರ್ 2024. ಡ್ಯಾಶ್‌ಬೋರ್ಡಿನ ಮೇಲಿನ ಸಂಖ್ಯೆ, ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್, ಟೈಟಲ್ ಪತ್ರ (ಮಾಲೀಕತ್ವದ ದಾಖಲೆ), ಮೂರೂ ಒಂದೇ ಇರಬೇಕು.

ಆ ಸಂಖ್ಯೆಯನ್ನು ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿದರೆ ಬಾಕಿ ಇರುವ ರೀಕಾಲ್‌ಗಳು ಪುಕ್ಕಟೆಯಾಗಿ ಸಿಗುತ್ತವೆ. ಎಸ್60ಯಲ್ಲಿ ಮುಖ್ಯವಾಗಿ ಹುಡುಕಬೇಕಾದವು ಇವು. ಎರಡನೇ ತಲೆಮಾರಿಗೆ 2020ರಲ್ಲಿ ಮುಂದಿನ ಸೀಟ್ ಬೆಲ್ಟನ್ನು ಹಿಡಿದಿಡುವ ಉಕ್ಕಿನ ಕೇಬಲ್ ಸವೆಯುವ ಕಾರಣಕ್ಕೆ ರೀಕಾಲ್ ಬಂತು. ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ಜಗತ್ತಿಗೆ ಕೊಟ್ಟ ಕಂಪನಿಗೂ ಇದು ತಪ್ಪಲಿಲ್ಲ. 2019-20ರ ಕಾರುಗಳಿಗೆ ಸ್ವಯಂಚಾಲಿತ ಬ್ರೇಕಿನ ಸಾಫ್ಟ್‌ವೇರ್ ದೋಷಕ್ಕೆ ರೀಕಾಲ್. 2020ರಿಂದ ಈಚಿನ ಪ್ಲಗ್-ಇನ್‌ಗಳಿಗೆ 2025ರಲ್ಲಿ ಬಂದದ್ದು ಗಂಭೀರ: ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಆದ ಕಾರು, ವೇಗ ತಗ್ಗಿಸುತ್ತ ಬ್ಯಾಟರಿ ತುಂಬಿಸಿಕೊಳ್ಳುವ 'ಬಿ' ಮೋಡ್‌ನಲ್ಲಿ ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಇಳಿದ ಮೇಲೆ ಬ್ರೇಕ್ ಕೆಲಸ ಮಾಡದಿರಬಹುದು. ರೀಕಾಲ್ ದುರಸ್ತಿ ಅಧಿಕೃತ ಡೀಲರ್ ಬಳಿ ಉಚಿತ. ಮಾರುವವನಿಂದಲೇ ಮಾಡಿಸಿ, ಕೆಲಸ ಮುಗಿದ ರಸೀದಿ ಪಡೆದು ಆಮೇಲೆ ದುಡ್ಡು ಕೊಡಿ.

ಕಾರಿನ ಹಿಂದಿನ ಇತಿಹಾಸ ತೋರಿಸುವ ಕಾರ್‌ಫ್ಯಾಕ್ಸ್ ವರದಿ ನೋಡಿ, ಆದರೆ ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ವಿಮೆಗೆ ತಿಳಿಸದೆ ಕೈಯಿಂದ ದುಡ್ಡು ಕೊಟ್ಟು ಮಾಡಿಸಿದ ರಿಪೇರಿ ಅದರಲ್ಲಿ ಕಾಣುವುದಿಲ್ಲ. ಟೈಟಲ್ 'ಸಾಲ್ವೇಜ್' (ರಿಪೇರಿಗೆ ಲಾಯಕ್ಕಿಲ್ಲ ಎಂದು ಕೈಬಿಟ್ಟದ್ದು) ಅಥವಾ 'ರೀಬಿಲ್ಟ್' (ಅಂಥದ್ದನ್ನು ಮತ್ತೆ ಕಟ್ಟಿದ್ದು) ಆಗಿದ್ದರೆ ಅರ್ಧ ಬೆಲೆಗೆ ಬಂದರೂ ಬೇಡ. ಇಂಥ ಕಾರುಗಳಲ್ಲಿ ತೆರೆದುಕೊಂಡ ಏರ್‌ಬ್ಯಾಗಿನ ಜಾಗಕ್ಕೆ ಕಳಪೆ ಇನ್‌ಫ್ಲೇಟರ್ ಹಾಕಿ ಮಾರಿದ್ದರಿಂದ ಸಾವುಗಳಾಗಿವೆ ಎಂದು ಎನ್‌ಎಚ್‌ಟಿಎಸ್‌ಎ 2024ರಲ್ಲೇ ಎಚ್ಚರಿಸಿದೆ.

ಐಐಎಚ್‌ಎಸ್ ರೇಟಿಂಗ್ ಓದುವಾಗ ಒಂದು ಸೂಕ್ಷ್ಮ. 2021ರಲ್ಲಿ ಅವರು ಪಕ್ಕದಿಂದ ಗುದ್ದುವ ಪರೀಕ್ಷೆಯನ್ನು ಬಿಗಿ ಮಾಡಿದರು: ಗುದ್ದುವ ಬಂಡಿ 3,300 ಪೌಂಡ್‌ನಿಂದ 4,200ಕ್ಕೆ, ವೇಗ 31 ಮೈಲಿಯಿಂದ 37ಕ್ಕೆ ಏರಿತು. 2022ರ ಹೊಸ ಮಾಡರೇಟ್ ಓವರ್‌ಲ್ಯಾಪ್ ಟೆಸ್ಟ್‌ನಲ್ಲಿ ಹಿಂದಿನ ಸೀಟಿನಲ್ಲೂ ಗೊಂಬೆ ಕೂರಿಸುತ್ತಾರೆ. ಅಪ್ಪ ಅಮ್ಮ ಕೂರುವುದು ಅಲ್ಲೇ ತಾನೆ? ಹಾಗಾಗಿ 2020ರ 'ಟಾಪ್ ಸೇಫ್ಟಿ ಪಿಕ್ ಪ್ಲಸ್' ಬಿರುದನ್ನೂ ಇಂದಿನ ಬಿರುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೆಡ್‌ಲೈಟ್ ಅಂಕ ಟ್ರಿಮ್‌ನಿಂದ ಟ್ರಿಮ್‌ಗೆ (ಒಂದೇ ಕಾರಿನ ಬೇರೆ ಬೇರೆ ಸೌಲಭ್ಯದ ಆವೃತ್ತಿಗಳು) ಬದಲಾಗುತ್ತದೆ, ನಿಮ್ಮ ಟ್ರಿಮ್‌ನದನ್ನೇ ನೋಡಿ.

ಕಾರಿನ ಮುಂದೆ ನಿಂತಾಗ

ಹಗಲಲ್ಲಿ ಹೋಗಿ. ಮಳೆ ಬಂದು ಒದ್ದೆಯಾದ ಕಾರಿನ ಮೇಲೆ ಗೀರು, ಬಣ್ಣದ ವ್ಯತ್ಯಾಸ ಏನೂ ಕಾಣುವುದಿಲ್ಲ. ಪೇಂಟ್ ದಪ್ಪ ಅಳೆಯುವ ಮೀಟರ್ ಯಾರಿಂದಲಾದರೂ ಎರವಲು ತನ್ನಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. ಬಾಗಿಲ ಕಂಬದಲ್ಲೋ ಹಿಂದಿನ ಚಕ್ರದ ಮೇಲಿನ ತಗಡಿನಲ್ಲೋ 300 ದಾಟಿದರೆ ಒಳಗೆ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್ಕಿನದು, ಅದರ ಮೇಲೆ ಈ ಮೀಟರ್ ನಡೆಯದು. ಬಂಪರ್ ಬಣ್ಣ ಹೊಡೆಸಿದ್ದಕ್ಕೆ ಗಾಬರಿ ಬೇಡ, ಆದರೆ ಕಂಬಕ್ಕೆ ಕೈ ಹಾಕಿದ್ದರೆ ವಾಪಸ್ ಬನ್ನಿ. ವೋಲ್ವೋ ಪ್ರಯಾಣಿಕರ ಗೂಡಿನಲ್ಲಿ ಬಳಸುವ ಬೋರಾನ್ ಉಕ್ಕನ್ನು ಕಾಯಿಸಿ, ಎಳೆದು ನೆಟ್ಟಗೆ ಮಾಡಿದರೆ ಅದರ ಬಲ ಹೋಗುತ್ತದೆ. ಕಾರಿನ ಸುರಕ್ಷತೆಯ ಅರ್ಧ ಪಾಲು ಇರುವುದೇ ಆ ಉಕ್ಕಿನಲ್ಲಿ.

ಐದೂ ಸೀಟ್ ಬೆಲ್ಟುಗಳನ್ನು ಕೊನೆಯವರೆಗೂ ಎಳೆಯಿರಿ. ಜೋರು ಅಪಘಾತದಲ್ಲಿ ಮೈ ಹಿಡಿದ ಬೆಲ್ಟಿನ ಬಟ್ಟೆ ಸಪಾಟಾಗಿರುವುದಿಲ್ಲ. ಅಲೆಅಲೆಯಾಗಿರುತ್ತದೆ, ಬಕಲ್ ಉಜ್ಜಿದ ಕಡೆ ಹೊಳಪು ಬಂದಿರುತ್ತದೆ. ತುದಿಯ ಲೇಬಲ್‌ನಲ್ಲಿ ತಯಾರಿಕೆಯ ದಿನಾಂಕ ಕಂಡರೆ ಕಾರಿನದರ ಜೊತೆ ಹೋಲಿಸಿ. ಒಂದೇ ಬೆಲ್ಟ್ ಹೊಸದಾಗಿದ್ದರೆ ಕಾರಣ ಕೇಳಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಚಿಹ್ನೆ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ, ಹೊತ್ತಲೇ ಇಲ್ಲದಿದ್ದರೆ ಯಾರೋ ದೋಷ ಮುಚ್ಚಿದ್ದಾರೆ. ಮುಂದಿನ ಸೀಟುಗಳು ಹಿಂದಿನಿಂದ ಗುದ್ದಿದಾಗ ಕತ್ತು ಉಳಿಸುವಂತೆ ತಾವೇ ಹಿಂದಕ್ಕೆ ಸರಿಯುವ ವಿನ್ಯಾಸದವು. ಹಿಂದಿನಿಂದ ಪೆಟ್ಟು ತಿಂದ ಇತಿಹಾಸವಿದ್ದರೆ ಆ ಸೀಟಿನ ಯಾಂತ್ರಿಕ ಭಾಗ ಪರೀಕ್ಷಿಸಿದ ದಾಖಲೆ ಬೇಕು.

ಮುಂದಿನ ಗಾಜು ಅತಿ ಮುಖ್ಯ. ತಾನಾಗಿ ಬ್ರೇಕ್ ಹಾಕುವ ಕ್ಯಾಮೆರಾ ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಂತೆ ಇದೆ. ಕಲ್ಲು ಬಡಿದು ಗಾಜು ಬದಲಿಸಿದ ಮೇಲೆ ಆ ಕ್ಯಾಮೆರಾವನ್ನು ಕ್ಯಾಲಿಬ್ರೇಟ್ ಮಾಡಲೇಬೇಕು, ಅಂದರೆ ಅದರ ನೋಟವನ್ನು ಅಳತೆಗೆ ಹೊಂದಿಸಬೇಕು. ಮಾಡದಿದ್ದರೆ ಅದು ನೋಡುವ ಕೋನ ತಪ್ಪುತ್ತದೆ: ಇಲ್ಲದ ಕಾರಿಗೆ ಬ್ರೇಕ್ ಹಾಕುತ್ತದೆ, ಇರುವುದನ್ನು ತಡವಾಗಿ ಕಾಣುತ್ತದೆ. ಗಾಜಿನ ಕೆಳ ಮೂಲೆಯ ತಯಾರಕರ ಗುರುತು ಪಕ್ಕದ ಗಾಜುಗಳಿಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಕ್ಯಾಲಿಬ್ರೇಷನ್ ರಸೀದಿ ಕೇಳಿ. ಇಲ್ಲವಾದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಟೈರಿನ ಪಕ್ಕದ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ. 2321 ಎಂದಿದ್ದರೆ 2021ರ 23ನೇ ವಾರ. ಆಲ್ ವೀಲ್ ಡ್ರೈವ್ ಕಾರಿಗೆ ನಾಲ್ಕೂ ಟೈರ್ ಒಂದೇ ಬ್ರ್ಯಾಂಡ್, ಹತ್ತಿರ ಹತ್ತಿರ ಒಂದೇ ಸವೆತ ಇರಬೇಕು. 19 ಇಂಚಿನ ಚಕ್ರ ನೋಡಲು ಚೆಂದ, ಆದರೆ ಮಿಷಿಗನ್, ಇಲಿನಾಯ್‌ನ ಚಳಿಗಾಲದ ಗುಂಡಿಗಳಿಗೆ ತೆಳು ಟೈರು ತಾಳುವುದಿಲ್ಲ. 18 ಇಂಚಿನದು ಸಿಕ್ಕರೆ ಅದೇ ಜಾಣತನ. ಹಿಮಕ್ಕೆ ಉಪ್ಪು ಸುರಿಯುವ ರಾಜ್ಯಗಳ ಕಾರಿನಲ್ಲಿ ಅಡಿಗೆ ಟಾರ್ಚ್ ಬಿಟ್ಟು ಬ್ರೇಕ್ ಪೈಪು, ಸಬ್‌ಫ್ರೇಮ್ ತುಕ್ಕು ನೋಡಿ.

ಮೂರನೇ ತಲೆಮಾರಿನ ಎಂಜಿನ್‌ಗೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇಲ್ಲ. ಆಯಿಲ್ ಮಟ್ಟ ನಡುವಿನ ಪರದೆಯಲ್ಲಿ 'ಕಾರ್ ಸ್ಟೇಟಸ್' ಒಳಗೆ ಕಾಣುತ್ತದೆ. ಟೈಮಿಂಗ್ ಬೆಲ್ಟ್ ರಬ್ಬರಿನದು, ಚೈನ್ ಅಲ್ಲ. ಬದಲಿಸಲು ಮೈಲಿಯ ಜೊತೆ ವರ್ಷದ ಮಿತಿಯೂ ಇದೆ, ಕಡಿಮೆ ಓಡಿದ ಹಳೆ ಕಾರಿನಲ್ಲಿ ಇದನ್ನು ಮರೆಯುತ್ತಾರೆ. 8 ಗೇರ್ ಆಟೋಮ್ಯಾಟಿಕ್‌ನ ಆಯಿಲ್ ಆಯುಷ್ಯಪೂರ್ತಿ ಎಂದು ಡೀಲರ್ ಹೇಳಬಹುದು. ಸ್ವತಂತ್ರ ಮೆಕ್ಯಾನಿಕ್‌ಗಳು 60,000 ಮೈಲಿ ಆಸುಪಾಸಿನಲ್ಲಿ ಬದಲಿಸಿ ಅನ್ನುತ್ತಾರೆ, ಅವರ ಮಾತು ಕೇಳುವುದು ಒಳ್ಳೆಯದು.

ಮಗುವಿನ ಸೀಟನ್ನು ಜೊತೆಗೆ ಒಯ್ದು ಅಲ್ಲೇ ಕೂರಿಸಿ. ಹಿಮ್ಮುಖ ಸೀಟು ಹಾಕಿದರೆ ಮುಂದಿನವರ ಮೊಣಕಾಲು ಡ್ಯಾಶ್‌ಗೆ ತಾಗುತ್ತದೆಯೇ ನೋಡಿ. ಹಿಂದೆ ನಡುವಿನ ದಿಂಡು ಎತ್ತರವಾಗಿದೆ, ಮೂವರು ದೊಡ್ಡವರು ಡೆಟ್ರಾಯಿಟ್‌ನಿಂದ ಶಿಕಾಗೋಗೆ ಕೂತು ಹೋಗುವಂತಿಲ್ಲ. ಡಿಕ್ಕಿ 11.6 ಘನ ಅಡಿ ಮಾತ್ರ. 23 ಕಿಲೋದ ನಾಲ್ಕು ಸೂಟ್‌ಕೇಸ್ ಜೊತೆ ಅಪ್ಪ ಅಮ್ಮ ಇಳಿದರೆ ಎಲ್ಲವೂ ಹಿಡಿಯುವುದಿಲ್ಲ.

ಓಡಿಸಿ ನೋಡುವಾಗ

ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ಬೇಕು, ಮೊದಲೇ ಬಿಸಿ ಮಾಡಿ ಇಡಬೇಡಿ ಎಂದು ತಿಳಿಸಿ. ಹೈವೇಯಲ್ಲಿ, ವೇಗಕ್ಕೂ ಲೇನಿಗೂ ನೆರವಾಗುವ ಪೈಲಟ್ ಅಸಿಸ್ಟ್ ಇದ್ದರೆ ಸ್ಟೀರಿಂಗ್‌ನ ಮೇಲೆ ಕೈಯಿಟ್ಟೇ ಹಾಕಿ. ಸಾಲು ಸ್ಪಷ್ಟವಿರುವ ಲೇನಿನಲ್ಲೂ ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಮತ್ತೆ ಕ್ಯಾಮೆರಾ ಸಂಶಯ. ಆರಂಭದ ವರ್ಷಗಳ ಕೆಳ ಟ್ರಿಮ್‌ಗಳಲ್ಲಿ ಇದು ಇಲ್ಲದಿರಬಹುದು. ಸಿಟಿ ಸೇಫ್ಟಿಯನ್ನು ಪೆಟ್ಟಿಗೆಗೋ ಗೆಳೆಯನಿಗೋ ಗುರಿ ಇಟ್ಟು ಪರೀಕ್ಷಿಸುವ ಹುಚ್ಚು ಬೇಡ. ಟಿ8 ಆದರೆ ಪೂರ್ತಿ ಚಾರ್ಜ್ ಮಾಡಿಸಿ, ವಿದ್ಯುತ್ತಿನಲ್ಲೇ ಓಡುವ 'ಪ್ಯೂರ್' ಮೋಡ್‌ನಲ್ಲೇ ಓಡಿಸಿ, ಹಿಂದಿನ ಮೋಟಾರಿನಿಂದ ಗೊರಗೊರ ಸದ್ದು ಬಂದರೆ ಬೇಡ ಅನ್ನಿ. ಅದರ ರಿಪೇರಿ ಕಾರಿನ ಬೆಲೆಯನ್ನೇ ಅಣಕಿಸುವಷ್ಟಿರುತ್ತದೆ.

ಎಲ್ಲ ಒಪ್ಪಿಗೆಯಾದ ಮೇಲೂ ವೋಲ್ವೋ ಕೆಲಸ ಬಲ್ಲ ಸ್ವತಂತ್ರ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ. 150ರಿಂದ 300 ಡಾಲರ್ ಆಗುತ್ತದೆ. ಲಿಫ್ಟ್ ಮೇಲೆ ಎತ್ತಿ ನೋಡಲು, ಎಲ್ಲ ಮಾಡ್ಯೂಲ್‌ಗಳ ಫಾಲ್ಟ್ ಕೋಡ್ ಓದಲು ಮುಂಚೆಯೇ ಹೇಳಿ.

ದುಡ್ಡು, ವಿಮೆ, ಪತ್ರ

ಬೆಲೆ ಮಾತಾಡುವ ಮುನ್ನ ವಿಐಎನ್ ಕೊಟ್ಟು ವಿಮೆಯ ಕೋಟ್ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಹದಿನೈದು ವರ್ಷ ಓಡಿಸಿದ್ದು ಬಹುತೇಕ ಕಂಪನಿಗಳಿಗೆ ಲೆಕ್ಕವಿಲ್ಲ, ಕ್ಯಾಮೆರಾ ಸೆನ್ಸರ್ ತುಂಬಿದ ಲಕ್ಷುರಿ ಕಾರಿಗೆ ಹೊಸ ಡ್ರೈವರ್ ಅಂದರೆ ಪ್ರೀಮಿಯಂ ಕಣ್ಣು ಕುಕ್ಕುತ್ತದೆ. ರಾಜ್ಯದ ಕನಿಷ್ಠ ಮೊತ್ತಕ್ಕೆ ಸಮಾಧಾನ ಪಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕನಿಷ್ಠ 30/60/15 ಸಾವಿರ ಡಾಲರ್ (ಕ್ರಮವಾಗಿ ಒಬ್ಬರ ಗಾಯಕ್ಕೆ, ಒಂದು ಅಪಘಾತದ ಒಟ್ಟು ಗಾಯಗಳಿಗೆ, ಬೇರೆಯವರ ಆಸ್ತಿ ಹಾನಿಗೆ). ಒಬ್ಬರು ಆಸ್ಪತ್ರೆ ಸೇರಿದರೆ ಅದು ಎಲ್ಲಿಗೂ ಸಾಲದು. 100/300/100 ತೆಗೆದುಕೊಳ್ಳಿ, ವಿಮೆ ಇಲ್ಲದವನು ಗುದ್ದಿದರೆ ಕೊಡುವ ರಕ್ಷಣೆಯನ್ನೂ ಸೇರಿಸಿ.

ಸಾಲಕ್ಕೆ ಮೊದಲು ಕ್ರೆಡಿಟ್ ಯೂನಿಯನ್ (ಸದಸ್ಯರದೇ ಸಹಕಾರಿ ಬ್ಯಾಂಕು) ಕೇಳಿ. ಎಚ್-1ಬಿ ಕೆಲಸದ ವೀಸಾ ಮೇಲಿದ್ದವರಿಗೆ ಹಲವು ಸಾಲ ಕೊಡುವವರು ಐ-94 (ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಎಂಬ ದಾಖಲೆ) ಮುಗಿಯುವ ದಿನಾಂಕದೊಳಗೇ ಸಾಲದ ಅವಧಿ ಇಡುತ್ತಾರೆ, ಆಗ ತಿಂಗಳ ಕಂತು ಜಾಸ್ತಿ. ಹೊಸ ಎಸ್60ಯ ಮೂಲ ವಾರಂಟಿ 4 ವರ್ಷ ಅಥವಾ 50,000 ಮೈಲಿ, ಪ್ಲಗ್-ಇನ್ ಬ್ಯಾಟರಿಗೆ 8 ವರ್ಷ ಅಥವಾ 100,000 ಮೈಲಿ. ವಾರಂಟಿ ಮುಗಿದ ಕಾರು ಕೊಳ್ಳುವವರು ಮೊದಲ ವರ್ಷದ ರಿಪೇರಿಗೆ ಎರಡು ಸಾವಿರ ಡಾಲರ್ ಬದಿಗಿಡಲಾಗದಿದ್ದರೆ ಟೊಯೋಟಾ ಕ್ಯಾಮ್ರಿ ನೋಡುವುದು ವಾಸಿ. ಈಚಿನ ಕ್ಯಾಮ್ರಿಯ ಕ್ರ್ಯಾಶ್ ಅಂಕಗಳು ನಾಚುವಂಥವಲ್ಲ.

ಡೀಲರ್ ಬಳಿಯ ಹಳೆ ಕಾರಿನ ಕಿಟಕಿಗೆ ವಾರಂಟಿ ಇದೆಯೋ ಇಲ್ಲವೋ ಹೇಳುವ ಬೈಯರ್ಸ್ ಗೈಡ್ ಚೀಟಿ ಅಂಟಿಸಿರಬೇಕು. ಅದರಲ್ಲಿ 'ಆ್ಯಸ್ ಈಸ್' (ಇದ್ದ ಸ್ಥಿತಿಯಲ್ಲೇ, ವಾರಂಟಿ ಇಲ್ಲದೆ) ಚೌಕಕ್ಕೆ ಗುರುತಿದ್ದರೆ ಗೇಟು ದಾಟಿದ ಮೇಲೆ ಬರುವ ರಿಪೇರಿ ನಿಮ್ಮದೇ. ಮೂರು ದಿನದೊಳಗೆ ವಾಪಸ್ ಕೊಡಬಹುದು ಎಂಬ ಫೆಡರಲ್ ನಿಯಮ ಡೀಲರ್ ಅಂಗಳದ ಖರೀದಿಗೆ ಅನ್ವಯಿಸುವುದಿಲ್ಲ. ಖಾಸಗಿಯವರಿಂದ ಕೊಂಡರೆ ಟೈಟಲ್ ಮೇಲೆ ಬ್ಯಾಂಕಿನ ಹೆಸರಿದೆಯೇ ನೋಡಿ. ಇದ್ದರೆ ಸಾಲ ತೀರಿದ ಪತ್ರ ಸಿಗುವವರೆಗೆ ಹಣ ಬೇಡ.

ಊರಿಗೆ ಮರಳುವಾಗ ಹಡಗಿನಲ್ಲಿ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ, ಎಡಗಡೆ ಸ್ಟೀರಿಂಗ್‌ನ ಹಳೆ ಕಾರನ್ನು ಭಾರತಕ್ಕೆ ತರಲು ಬಿಡುವುದಿಲ್ಲ. ಇಲ್ಲೇ ಮಾರಬೇಕು. ಸರ್ವಿಸ್ ರಸೀದಿ, ರೀಕಾಲ್ ಪತ್ರ, ಗಾಜಿನ ಕ್ಯಾಲಿಬ್ರೇಷನ್ ಚೀಟಿಗಳನ್ನು ಮೊದಲ ದಿನದಿಂದಲೇ ಒಂದು ಫೋಲ್ಡರಿಗೆ ಹಾಕುತ್ತ ಬನ್ನಿ. ನಾಳೆ ನಿಮ್ಮಿಂದ ಕೊಳ್ಳುವವರು ಅವನ್ನೇ ಕೇಳುತ್ತಾರೆ.