ಇಂಗ್ಲೆಂಡಲ್ಲಿ ಓವ್ಯುಲೇಷನ್ ಮಾತ್ರೆ ತಗೊಳೋರು ದಿನ ಲೆಕ್ಕ ಹಾಕೋದು ಹೇಗೆ

ಶಿವಮೊಗ್ಗದಲ್ಲಿ ತೋರಿಸ್ಕೊಂಡು ಆಮೇಲೆ ಇಲ್ಲಿಗೆ ಬಂದೋರಿಗೆ ತಲೆ ಕೆಡೋದೇ ಈ ವಿಷ್ಯಕ್ಕೆ. ಅಲ್ಲಿ ದುರ್ಗಿಗುಡಿ ಕಡೆ ನರ್ಸಿಂಗ್ ಹೋಮಿಗೆ ಹೋದ್ರೆ ಫಾಲಿಕ್ಯುಲರ್ ಸ್ಟಡಿ ಅಂತ ದಿನ ಬಿಟ್ಟು ದಿನ ಸ್ಕ್ಯಾನು, "ಎಗ್ ಸೈಜ್ 18 ಆಗಿದೆ, ಇವತ್ತು ಇಂಜೆಕ್ಷನ್, ನಾಳಿದ್ದು ರಪ್ಚರ್ ಆಗ್ತದೆ" ಅಂತ ಡಾಕ್ಟ್ರೇ ದಿನ ಹೇಳಿ ಕಳಿಸ್ತಾರೆ, ನಾವು ತೀರ್ಥಹಳ್ಳಿ ಬಸ್ ಹತ್ತಿದ್ರೆ ಮುಗೀತು.

ಇಲ್ಲಿ ಹಾಗಲ್ಲ ಮಾರಾಯ್ರೇ. ಮೊದ್ಲು ಜಿಪಿ, ಅಂದ್ರೆ ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟ್ರ ಹತ್ರ ಹೋಗ್ಬೇಕು, ಒಂದು ವರ್ಷ ಪ್ರಯತ್ನ ಮಾಡಿದೀರಾ ಕೇಳ್ತಾರೆ, 36 ದಾಟಿದ್ರೆ ಅಥವಾ ಪೀರಿಯಡ್ಸ್ ಸರಿ ಇಲ್ಲ ಅಂದ್ರೆ ಅಷ್ಟು ಕಾಯೋದು ಬೇಡ. ಬ್ಲಡ್ ಟೆಸ್ಟು, ಗಂಡನ ಟೆಸ್ಟು, ರೆಫರಲ್ಲು, ಆಮೇಲೆ ಕ್ಲಿನಿಕ್ಕಲ್ಲಿ ಮೊಟ್ಟೆ ಬೆಳೆಸೋ ಮಾತ್ರೆ ಕ್ಲೊಮಿಫೀನ್ ಅಥವಾ ಲೆಟ್ರೊಜೋಲ್, ಸಾಮಾನ್ಯವಾಗಿ 5 ದಿನ. ಕ್ಲೊಮಿಫೀನ್ ಆದ್ರೆ ಮೊದಲನೇ ಸೈಕಲ್ಲಿಗಾದ್ರೂ ಸ್ಕ್ಯಾನ್ ಮಾಡ್ಬೇಕು, 6 ತಿಂಗಳಿಗಿಂತ ಜಾಸ್ತಿ ಕೊಡಬಾರ್ದು ಅಂತ ಇಲ್ಲಿ ಚಿಕಿತ್ಸೆಗೆ ಸಲಹೆ ಬರೆಯೋ ನೈಸ್ ಸಂಸ್ಥೆಯ ಗೈಡ್‌ಲೈನ್ ಇದೆ. ಆ ಸ್ಕ್ಯಾನಲ್ಲಿ ಡೋಸ್ ಸರಿ ಇದೆ, ಒಟ್ಟಿಗೆ ಮೂರ್ನಾಲ್ಕು ಮೊಟ್ಟೆ ಬೆಳೀತಿಲ್ಲ ಅಂತ ಗೊತ್ತಾದ್ರೆ, ಮುಂದಿನ ತಿಂಗಳಿಂದ ದಿನ ಕಂಡುಹಿಡಿಯೋ ಕೆಲ್ಸ ಹೆಚ್ಚುಕಡಿಮೆ ನಮ್ಮ ತಲೆಗೇ.

ನಾನು ಮಾಡಿದ ಎಡವಟ್ಟು ಹೇಳ್ತೀನಿ. ಪೀರಿಯಡ್ಸಿನ 2ರಿಂದ 6ನೇ ದಿನದವರೆಗೆ ಮಾತ್ರೆ, 8ನೇ ದಿನ ಬೆಳಿಗ್ಗೆ ಬಾತ್‌ರೂಮ್ ಕಿಟಕಿ ಕಟ್ಟೆ ಮೇಲೆ ಟಿಶ್ಯೂ ಹಾಸಿ ಓವ್ಯುಲೇಷನ್ ಕಿಟ್ (ಮೊಟ್ಟೆ ಬರೋ ಹೊತ್ತಾಯ್ತಾ ಅಂತ ಮೂತ್ರದಲ್ಲಿ ನೋಡೋ ಪಟ್ಟಿ) ಇಟ್ಟೆ, ಎರಡು ಗೀಟೂ ಕಡುಗೆಂಪು! ಇವರನ್ನ ಆಫೀಸಿಗೆ ರಜೆ ಹಾಕಿಸಿ ಕೂರಿಸಿದ್ದೆ. ಆ ಗೀಟು ಸುಳ್ಳು. ಆಗಿದ್ದೇನು ಅಂದ್ರೆ, ಕ್ಲೊಮಿಫೀನ್ ಕೆಲ್ಸ ಮಾಡೋದೇ ಮೆದುಳಿಗೆ ಈಸ್ಟ್ರೋಜನ್ ಕಮ್ಮಿ ಇದೆ ಅಂತ ಅನ್ನಿಸಿ ಎಫ್‌ಎಸ್‌ಎಚ್, ಎಲ್‌ಎಚ್ ಅನ್ನೋ ಮೊಟ್ಟೆ ಬೆಳೆಸಿ ಬಿಡಿಸೋ ಹಾರ್ಮೋನ್ ಜಾಸ್ತಿ ಬಿಡೋ ಹಾಗೆ ಮಾಡಿ, ಕಿಟ್ ನೋಡೋದೂ ಅದೇ ಎಲ್‌ಎಚ್. ಅದಕ್ಕೆ ಕೊನೇ ಮಾತ್ರೆ ಆಗಿ ಕನಿಷ್ಠ 3 ದಿನ ಬಿಟ್ಟು ಕಿಟ್ ಶುರು ಮಾಡಿ. ಹೆಚ್ಚಿನೋರಿಗೆ ಕೊನೇ ಮಾತ್ರೆಯಿಂದ 5ರಿಂದ 10 ದಿನದೊಳಗೆ ಮೊಟ್ಟೆ ಬಿಡುಗಡೆ ಆಗ್ತದೆ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮೊಟ್ಟೆ ಸರಿಯಾಗಿ ಬಿಡುಗಡೆ ಆಗದ ತೊಂದ್ರೆ) ಇದ್ರೆ ಎಲ್‌ಎಚ್ ಮೊದ್ಲೇ ಜಾಸ್ತಿ ಇರ್ಬಹುದು, ಕಿಟ್ ದಿನಾ ಹೌದು ಅಂತಲೇ ತೋರಿಸ್ತದೆ, ಅಂಥೋರು ಸ್ಕ್ಯಾನ್ ಬೇಕು ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಮೊಟ್ಟೆ ಬಿಡುಗಡೆ ಮಾಡಿಸೋ ಟ್ರಿಗರ್ ಇಂಜೆಕ್ಷನ್ ಆದ್ಮೇಲಂತೂ ಕಿಟ್ ದುಡ್ಡು ದಂಡ, ಅದ್ರಲ್ಲಿರೋ ಪ್ರೆಗ್ನೆನ್ಸಿ ಹಾರ್ಮೋನ್ ಎಚ್‌ಸಿಜಿ ಹತ್ತು ದಿನದ ಮೇಲೂ ಪ್ರೆಗ್ನೆನ್ಸಿ ಟೆಸ್ಟಲ್ಲೂ ಸುಳ್ಳು ಗೀಟು ತೋರಿಸ್ಬಹುದು.

ನಿಜವಾದ ಗೀಟು ಬಂದ್ರೂ ಅದು ಗುಡುಗು ಅಷ್ಟೇ, ಮಳೆ ಇನ್ನೂ ಬರ್ಬೇಕು. ಎಲ್‌ಎಚ್ ಏರೋಕೆ ಶುರುವಾಗಿ 24ರಿಂದ 36 ಗಂಟೆಗೆ ಮೊಟ್ಟೆ, ಆ ಮೊಟ್ಟೆ ಇರೋದು ಹೆಚ್ಚಂದ್ರೆ ಒಂದು ದಿನ, ವೀರ್ಯಾಣು ಐದು ದಿನದವರೆಗೂ ಬದುಕಿರ್ತವೆ, ಹಾಗಾಗಿ ಗೀಟು ಬರೋ ತನಕ ಕಾಯದೆ ದಿನ ಬಿಟ್ಟು ದಿನ ಸೇರೋದು ಒಳ್ಳೇದು. ದಾಸವಾಳ ಸೊಪ್ಪು ಕಿವುಚಿದ ಹಾಗೆ ಲೋಳೆ ಬಿಳಿಮುಟ್ಟು ಬರ್ತದೆ ಅಂತ ಅಮ್ಮ ಹೇಳ್ತಿದ್ರು, ಅದೂ ನಿಜವೇ, ಆದ್ರೆ ಕ್ಲೊಮಿಫೀನ್ ಆ ಲೋಳೆ ಒಣಗಿಸೋದುಂಟು, ಬರ್ಲಿಲ್ಲ ಅಂತ ಹೆದರ್ಬೇಡಿ. ಕಣ್ಣು ಮಂಜಾದ್ರೆ ಮಾತ್ರ ಮಾತ್ರೆ ನಿಲ್ಲಿಸಿ ಕ್ಲಿನಿಕ್ಕಿಗೆ ಫೋನ್ ಮಾಡಿ.

ಇನ್ನು 21ನೇ ದಿನದ ಬ್ಲಡ್ ಟೆಸ್ಟ್. ಇದು ಪ್ರೊಜೆಸ್ಟರಾನ್, ಮೊಟ್ಟೆ ಬಂತಾ ಇಲ್ವಾ ಅಂತ ಖಾತ್ರಿ ಮಾಡೋಕೆ. 21 ಅನ್ನೋದು 28 ದಿನದ ಸೈಕಲ್ಲಿನೋರಿಗೆ ಮಾತ್ರ, ಅಸಲಿ ಲೆಕ್ಕ ಮುಂದಿನ ಪೀರಿಯಡ್ಸಿಗೆ 7 ದಿನ ಮುಂಚೆ. 35 ದಿನದ ಸೈಕಲ್ ಆದ್ರೆ 28ನೇ ದಿನ. ನನಗೆ ನಿಜವಾದ ಗೀಟು ಬಂದಿದ್ದೇ 17ಕ್ಕೆ, ಫಾರ್ಮಲ್ಲಿ 21 ಅಂತ ಇದೆ ಅಂತ 21ಕ್ಕೇ ರಕ್ತ ತೆಗೆದ್ರು, ಕಮ್ಮಿ ಬಂತು, ಮಾತ್ರೆ ಕೆಲ್ಸ ಮಾಡ್ಲಿಲ್ಲ ಅಂದ್ರು, ಒಂದು ರಾತ್ರಿ ಅತ್ತಿದ್ದೇ ಆಯ್ತು. ಮುಂದಿನ ತಿಂಗ್ಳು ಗೀಟು ಬಂದ ದಿನ ಬರ್ಕೊಂಡು ಹೋಗಿ, ಅದಾಗಿ ವಾರಕ್ಕೆ ಟೆಸ್ಟ್ ಹಾಕಿಸ್ಕೊಂಡೆ, 34 ಬಂತು. ರಿಪೋರ್ಟ್ ಶಿವಮೊಗ್ಗದ ಅತ್ತಿಗೆಗೆ ಕಳಿಸಿದ್ರೆ "ಇಷ್ಟೊಂದಾ? ಅವಳಿಜವಳಿ ಏನೇ?" ಅಂತ ಗಾಬರಿ. ಇಲ್ಲಿ ನ್ಯಾನೊಮೋಲ್ ಲೆಕ್ಕ, ಊರಲ್ಲಿ ನ್ಯಾನೊಗ್ರಾಂ, ಇಲ್ಲಿನ ನಂಬರನ್ನ ಸುಮಾರು 3.18ರಿಂದ ಭಾಗಿಸಿದ್ರೆ ಊರಿನ ನಂಬರ್, ಅಂದ್ರೆ ನನ್ನದು 10.7. ಇಲ್ಲಿ 30ರ ಮೇಲೆ ಬಂದ್ರೆ ಮೊಟ್ಟೆ ಬಂದಿದೆ ಅಂತ ತಗೊಳ್ತಾರೆ.

ದುಡ್ಡಿನ ವಿಷ್ಯ: ವೀಸಾದಲ್ಲಿ ಹೆಲ್ತ್ ಸರ್ಚಾರ್ಜ್ ಕಟ್ಟಿ ಬಂದೋರಿಗೆ ಇಂಗ್ಲೆಂಡಲ್ಲಿ 2017ರ ಆಗಸ್ಟಿಂದ ಐವಿಎಫ್ ಥರದ ಚಿಕಿತ್ಸೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಫ್ರೀ ಇಲ್ಲ. ನಿಮ್ಮ ಮಾತ್ರೆ, ಸ್ಕ್ಯಾನ್ ಯಾವ ಲೆಕ್ಕಕ್ಕೆ ಹೋಗ್ತದೆ ಅಂತ ಆಸ್ಪತ್ರೆಯ ಓವರ್‌ಸೀಸ್ ಪೇಷಂಟ್ ಆಫೀಸಲ್ಲಿ ಮೊದ್ಲೇ ಕೇಳ್ಕೊಳಿ, ಬಿಲ್ ಬಂದ್ಮೇಲೆ ಜಗಳ ಬೇಡ.

ಲೆಟ್ರೊಜೋಲ್ ಬರೆದ್ರೆ ಊರಿಂದ "ಅದು ಬ್ಯಾನ್ ಆಗಿದ್ದಲ್ವಾ" ಅಂತ ಫೋನ್ ಬರ್ತದೆ. ಭಾರತದಲ್ಲಿ 2011ರಲ್ಲಿ ಬಂಜೆತನಕ್ಕೆ ಕೊಡೋದನ್ನ ನಿಲ್ಲಿಸಿದ್ದು ಹೌದು, 2017ರಲ್ಲಿ ಆ ಬ್ಯಾನ್ ತೆಗೆದ್ರು. ಇಷ್ಟೆಲ್ಲಾ ಹೇಳಿದ್ರೂ ನಮ್ಮತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಜೊತೆ ಮೆಡಿಕಲ್ಲಿಂದ ಕ್ಲೊಮಿಫೀನ್ ಎರಡು ಸ್ಟ್ರಿಪ್ ಕಟ್ಟಿ ಕಳಿಸಿದ್ರು, ಇಲ್ಲಿನೋರು ಕೊಡೋದು ಸಾಲದು ಅಂತ. ಸ್ಕ್ಯಾನ್ ಇಲ್ದೆ ಅದನ್ನ ನುಂಗೋ ಧೈರ್ಯ ನನಗಿಲ್ಲ, ಫಾರ್ಮಸಿಗೆ ವಾಪಸ್ ಕೊಟ್ಬಂದೆ. ಉಪ್ಪಿನಕಾಯಿ ಖಾಲಿ.