ಮೋಲ್ಡ್ ದಾಟದ ವೈಫೈ: ಮಹಡಿಗೆ ಕೇಬಲ್ ಎಳೆದು ಸರಿಪಡಿಸಿದ್ದು

ತುಮಕೂರಿನ 30×40 ಸೈಟಿನ ಎರಡಂತಸ್ತಿನ ಮನೆ. ರೂಟರ್ ಕೆಳಗಿನ ಹಾಲ್‌ನಲ್ಲಿ. ಮಹಡಿಯ ಹಿಂದಿನ ರೂಮಿನಲ್ಲಿ ಸಿಗ್ನಲ್ ಮೈನಸ್ 82 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು), ವಿಡಿಯೊ ಕಾಲ್ ಕಡಿದುಹೋಗುತ್ತಿತ್ತು. ತಡೆ ಮೋಲ್ಡಿನದು: ಕಾಂಕ್ರೀಟು, ಒಳಗಿನ ಕಬ್ಬಿಣ ಎರಡೂ ತರಂಗವನ್ನು ಕುಗ್ಗಿಸುತ್ತವೆ, 5 ಗಿಗಾಹರ್ಟ್ಸ್ ವೈಫೈಯನ್ನಂತೂ 2.4 ಗಿಗಾಹರ್ಟ್ಸಿಗಿಂತ ಇನ್ನೂ ಹೆಚ್ಚು. ರಿಪೀಟರ್ ಅದೇ ಚಾನೆಲ್‌ನಲ್ಲಿ ಹಿಡಿದು ಅದರಲ್ಲೇ ಕಳಿಸಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಕೇಬಲ್ಲೇ ಸರಿ.

20 ಮೀಟರ್ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಬೇಕಾಯಿತು. ಪೂರ್ತಿ ತಾಮ್ರದ್ದೇ ಕೇಳಿ ತನ್ನಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಬಾಗಿಸಿದರೆ ಬೇಗ ಮುರಿಯುತ್ತದೆ. ಹೊರಗೋಡೆಯಲ್ಲಿ ಪಿವಿಸಿ ಪೈಪಿನೊಳಗೆ ಎಳೆಯಿರಿ, ಇಲ್ಲದಿದ್ದರೆ ಬಿಸಿಲಿಗೆ ಹೊದಿಕೆ ಸೀಳುತ್ತದೆ. ಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಲಿ, ಮಳೆನೀರು ಒಳಗೆ ಬರುವುದಿಲ್ಲ. ಕರೆಂಟ್ ವೈರಿನ ಪೈಪಿನಲ್ಲಿ ಮಾತ್ರ ತುರುಕಲೇಬೇಡಿ.

ಮೇಲೆ ಹಳೆಯ ರೂಟರ್ ಸಾಕು. ಮೊದಲು ಅದೊಂದನ್ನೇ ಲ್ಯಾಪ್‌ಟಾಪಿಗೆ ಜೋಡಿಸಿ ಐಪಿ ವಿಳಾಸ 192.168.1.2 ಮಾಡಿ (ಕೆಳಗಿನದು 192.168.1.1 ಆಗಿದ್ದರೆ), ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ. ಆಫ್ ಮಾಡದಿದ್ದರೆ ಎರಡೂ ರೂಟರ್ ವಿಳಾಸ ಹಂಚಿ, ಕೆಲವು ಫೋನಿಗೆ ನೆಟ್ ಬರುವುದೇ ಇಲ್ಲ. ಕೇಬಲ್ ಲ್ಯಾನ್ ಪೋರ್ಟಿಗೆ ಹೋಗಬೇಕು, ಹೊರಗಿನ ಇಂಟರ್ನೆಟ್ ಲೈನಿಗಾಗಿ ಇರುವ ವ್ಯಾನ್ (WAN) ಪೋರ್ಟಿಗಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ರೂಟರಿನಲ್ಲಿ ಅವೇ ಇರಲಿ. ಒಂದಕ್ಕೊಂದು ಅಡ್ಡಬರದಂತೆ 2.4 ಗಿಗಾಹರ್ಟ್ಸ್ ಚಾನೆಲ್ ಕೆಳಗೆ 1, ಮೇಲೆ 11, ಚಾನೆಲ್ ಅಗಲ 20 ಮೆಗಾಹರ್ಟ್ಸ್.

ಈಗ ಅದೇ ರೂಮಿನಲ್ಲಿ ಮೈನಸ್ 48. ಎರಡೂ ರೂಟರಿನ ಪೋರ್ಟು ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದೂ ಮೇಲೆ ವೇಗ 95 ಎಂಬಿಪಿಎಸ್ ದಾಟದಿದ್ದರೆ ಕ್ರಿಂಪಿಂಗ್ (ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸಿದ್ದು) ನೋಡಿ: ಗಿಗಾಬಿಟ್‌ಗೆ ಎಂಟೂ ತಂತಿ ಕೂಡಬೇಕು, ಒಂದು ಸಡಿಲವಾದರೂ 100ಕ್ಕೆ ಇಳಿಯಬಹುದು. ತುದಿ ಕತ್ತರಿಸಿ ಹೊಸ ಆರ್‌ಜೆ-45 ಪ್ಲಗ್ ಹಾಕಿ.