ಎಣಿಕೆಗಿಂತ ಮೊದಲು ವಯಸ್ಸು: ಡಿಮೆಕ್ ಗ್ರಾಫ್ಟ್ ಬಿಡಿಸುವಲ್ಲಿ ನನ್ನ ಅನುಭವ

ಡಿಮೆಕ್ ಎಂದರೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಹಿಂಬದಿಯ ತೆಳು ಡೆಸಿಮೆಟ್ ಪೊರೆಯನ್ನು ಅದರ ಕೋಶಗಳ ಸಮೇತ ದಾನಿಯ ಕಣ್ಣಿನಿಂದ ಬಿಡಿಸಿ ರೋಗಿಗೆ ಹಾಕುವ ಶಸ್ತ್ರಚಿಕಿತ್ಸೆ; ಹಾಗೆ ಬಿಡಿಸಿದ ತುಂಡೇ ಗ್ರಾಫ್ಟ್. ಅದಕ್ಕೆ ಅಂಗಾಂಶ ಆರಿಸುವಾಗ ನಾನು ಮೊದಲು ನೋಡುವುದು ದಾನಿಯ ವಯಸ್ಸು. ಆಮೇಲೆ ಸಕ್ಕರೆ ಕಾಯಿಲೆ ಇತ್ತೇ, ಎಷ್ಟು ವರ್ಷ, ಇನ್ಸುಲಿನ್ ಮೇಲಿದ್ದರೇ ಎಂಬುದು. ಪೊರೆಯ ಒಳಮೈಯಲ್ಲಿದ್ದು ಕಾರ್ನಿಯಾವನ್ನು ತಿಳಿಯಾಗಿಡುವ ಎಂಡೋಥೀಲಿಯಂ ಕೋಶಗಳ ಎಣಿಕೆ ಮೂರನೆಯದು. ಚದರ ಮಿಲಿಮೀಟರಿಗೆ 3000 ಕೋಶವಿದ್ದ ಎಳೆಯ ಕಾರ್ನಿಯಾ ಬಿಟ್ಟು, 2500ರ ಆಸುಪಾಸಿನ ಅರವತ್ತೈದರ ದಾನಿಯದನ್ನು ತೆಗೆದುಕೊಂಡಾಗ ಜೊತೆಯವರು ಒಪ್ಪಿರಲಿಲ್ಲ. ಎಣಿಕೆಯನ್ನೇ ನಂಬಿದ್ದ ಕಾಲದಲ್ಲಿ ನನ್ನ ಕೈಯಲ್ಲಿ ಐದಾರು ಗ್ರಾಫ್ಟ್‌ಗೆ ಒಂದು ಹರಿಯುತ್ತಿತ್ತು. ಈಗ ನೆನಪಿನಿಂದ ಹೇಳುವುದಾದರೆ ಇಪ್ಪತ್ತೈದಕ್ಕೆ ಒಂದು.

ಪೊರೆಯ ಮುಂಬದಿಯ ಪಟ್ಟೆ ಪದರ ಹುಟ್ಟುವ ಹೊತ್ತಿಗೆ ಸುಮಾರು 3 ಮೈಕ್ರಾನ್ ಆಗಿ ನಿಂತುಬಿಡುತ್ತದೆ. ಹಿಂಬದಿಯದು ಜೀವಮಾನವಿಡೀ ಕೂಡುತ್ತಲೇ ಇರುತ್ತದೆ, ಮುಪ್ಪಿನಲ್ಲಿ 10 ಮೈಕ್ರಾನ್ ತಲುಪುತ್ತದೆ. ಆ ದಪ್ಪವೇ ನಮ್ಮ ಆಸ್ತಿ: ಎಳೆದಾಗ ತಡೆಯುತ್ತದೆ, ಸುರುಳಿಯೂ ಸಡಿಲವಾಗಿರುತ್ತದೆ. ಇಪ್ಪತ್ತು ಮೂವತ್ತರ ದಾನಿಯ ಪೊರೆ ಬತ್ತಿ ಹೊಸೆದ ಹಾಗೆ ಸುತ್ತಿಕೊಳ್ಳುತ್ತದೆ. ಅದನ್ನು ಕಣ್ಣೊಳಗೆ ಬಿಡಿಸುವಷ್ಟರಲ್ಲಿ, ಹೆಚ್ಚಿದ್ದ ಎಣಿಕೆಯ ಲಾಭ ಅಲ್ಲೇ ಸವೆದು ಹೋಗುತ್ತದೆ.

ಕ್ರಮ ನಿಮಗೆ ಗೊತ್ತಿರುವುದೇ. ನಾನು ಬದಲಿಸಿದ್ದಷ್ಟನ್ನು ಬರೆಯುತ್ತೇನೆ. ಟ್ರೈಪಾನ್ ಬ್ಲೂ ಎಂಬ ನೀಲಿ ಬಣ್ಣ 0.06% ಹಾಕಿ ಅರ್ಧ ನಿಮಿಷ ಬಿಟ್ಟು ತೊಳೆದು, ಕಾರ್ನಿಯಾದ ಅಂಚಿನ ಜಾಲರಿಯಾದ ಟ್ರಬೆಕ್ಯುಲರ್ ಮೆಶ್‌ವರ್ಕಿನ ಒಳಬದಿಗೆ ಸಿನ್ಸ್ಕಿ ಹುಕ್ ಎಂಬ ಸಣ್ಣ ಕೊಕ್ಕೆಯಿಂದ ಸುತ್ತಲೂ ಗೀರುತ್ತೇನೆ. ಗೀರು ಎಲ್ಲೂ ತುಂಡಾಗಬಾರದು. ಬಿಟ್ಟ ಜಾಗದಿಂದಲೇ ಮುಂದೆ ಪೊರೆ ಹರಿಯತೊಡಗುತ್ತದೆ. ಅಲ್ಲಿಂದ ಮುಂದೆ ಕಾರ್ನಿಯಾ ಪೂರ್ತಿ ದ್ರಾವಣದಲ್ಲಿ ಮುಳುಗಿರಬೇಕು. ಗಾಳಿಯಲ್ಲಿ ಎಳೆದರೆ ಮೇಲ್ಮೈ ಸೆಳೆತಕ್ಕೆ ಪೊರೆ ಸ್ಟ್ರೋಮಾಕ್ಕೆ (ಕಾರ್ನಿಯಾದ ದಪ್ಪ ನಡುಪದರ) ಮತ್ತೆ ಅಂಟುತ್ತದೆ, ಎಳೆತ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಅಂಚನ್ನು ಸುತ್ತಲೂ 1–2 ಮಿ.ಮೀ. ಸಡಿಲ ಮಾಡುವ ತನಕ ಮಧ್ಯಕ್ಕೆ ಕೈ ಹಾಕುವುದಿಲ್ಲ. ಬಿಗಿ ಅಂಟುಗಳು ಇರುವುದು ಹೆಚ್ಚಾಗಿ ಅಂಚಿನಲ್ಲೇ. ಆಮೇಲೆ ಹಲ್ಲಿಲ್ಲದ ಚಿಮಟದಲ್ಲಿ ಹಿಡಿದು, ಮೇಲಕ್ಕೆ ಎತ್ತದೆ, ಸ್ಟ್ರೋಮಾಕ್ಕೆ ಸವರಿಕೊಂಡಂತೆ ಮಧ್ಯದ ಕಡೆಗೆ ಎಳೆಯುತ್ತೇನೆ. ನಾಲ್ಕೂ ದಿಕ್ಕಿನಿಂದ ಅರ್ಧದಷ್ಟು ಬಿಡಿಸಿ, ಮತ್ತೆ ಹಾಸಿ, 8 ಮಿ.ಮೀ. ಪಂಚನ್ನು (ದುಂಡಗೆ ಕತ್ತರಿಸುವ ಅಲಗು) ಸ್ಟ್ರೋಮಾ ದಾಟದಂತೆ ಮೆಲ್ಲಗೆ ಒತ್ತಿ, ಉಳಿದದ್ದು ತೆಗೆಯುತ್ತೇನೆ. ಚಿಮಟ ಎಲ್ಲಿ, ಎಷ್ಟು ಹೊತ್ತಿಗೊಮ್ಮೆ ಹಿಡಿತ ಬದಲಿಸುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ತೋರಿಸುತ್ತೇನೆ.

ಹರಿಯತೊಡಗಿದರೆ ಮೊದಲು ಗೊತ್ತಾಗುವುದು ಕಣ್ಣಿಗೆ: ನೀಲಿ ಮಡಿಕೆಯ ಗೆರೆ ನೇರವಾಗಿರದೆ ಒಂದು ಬಿಂದುವಿನಲ್ಲಿ ಜಗ್ಗಿ ಕೊಕ್ಕಿನಂತಾಗುತ್ತದೆ. ಅಲ್ಲೇ ನಿಲ್ಲಿಸಿ. ನಾನು ಆರಂಭದಲ್ಲಿ ಇನ್ನೊಂದು ಮಿಲಿಮೀಟರ್ ಎಳೆದು ನೋಡೋಣ ಎಂದು ಲಾಳದಾಕಾರದಲ್ಲಿ ಹರಿದಿದ್ದೇ ಹೆಚ್ಚು. ಎದುರು ಬದಿಯಿಂದ ಬಂದು ಹರಿದ ಜಾಗ ಮುಟ್ಟುವ ಮುಂಚೆಯೇ ನಿಂತು, ಪಂಚನ್ನು ಮಧ್ಯದಿಂದ ಸ್ವಲ್ಪ ಸರಿಸಿ ಕತ್ತರಿಸಿದರೆ ಎಷ್ಟೋ ಗ್ರಾಫ್ಟ್ ಉಳಿಯುತ್ತವೆ. ಬಹುಕಾಲ ಸಕ್ಕರೆ ಕಾಯಿಲೆ ಇದ್ದವರ ಪೊರೆಯಲ್ಲಿ ಈ ಉಪಾಯವೂ ಕೈಕೊಡುತ್ತದೆ. ಅಂಥದ್ದನ್ನು ನಾನು ಡಿಮೆಕ್‌ಗೆ ಒಪ್ಪುವುದೇ ಇಲ್ಲ.

ದುಡ್ಡಿನ ಲೆಕ್ಕವೂ ಇದೆ. ನೇತ್ರ ಬ್ಯಾಂಕು ಮೊದಲೇ ಬಿಡಿಸಿ ಕಳಿಸುವ ಗ್ರಾಫ್ಟ್‌ಗೆ ಹೆಚ್ಚು ಕೊಡಬೇಕು. ನಾವೇ ಬಿಡಿಸಲು ಹೊಸ ಉಪಕರಣ ಬೇಕಿಲ್ಲ, ಆದರೆ ಹರಿದರೆ ಕಾರ್ನಿಯಾ ಜೊತೆಗೆ ಥಿಯೇಟರಿನ ಹೊತ್ತೂ ಹೋಗುತ್ತದೆ, ರೋಗಿ ಮತ್ತೆ ಕಾಯಬೇಕು. ಹಾಗಾಗಿ ರೋಗಿಗೆ ಅರಿವಳಿಕೆ ಕೊಡುವ ಮೊದಲೇ ಬಿಡಿಸಿ ಮುಗಿಸುತ್ತೇನೆ. ಪೊರೆ ತೆಗೆದ ಸ್ಟ್ರೋಮಾ ಚೆನ್ನಾಗಿದ್ದರೆ ಡಾಲ್ಕ್‌ಗೆ (ಕಾರ್ನಿಯಾದ ಮುಂಬದಿಯ ಪದರಗಳನ್ನಷ್ಟೇ ಬದಲಿಸುವ ಶಸ್ತ್ರಚಿಕಿತ್ಸೆ) ಬರುತ್ತದೆ. ಒಬ್ಬ ದಾನಿಯ ಒಂದು ಕಣ್ಣಿನಿಂದ ಇಬ್ಬರಿಗೆ ನೋಟ. ಇದನ್ನು ಮರೆತು ಸ್ಟ್ರೋಮಾ ಎಸೆಯುವುದನ್ನು ಕಂಡರೆ ಸಂಕಟವಾಗುತ್ತದೆ.

ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ. ಶೇಖರಣೆಯಲ್ಲಿ ಊದಿದ ಕಾರ್ನಿಯಾದ ದಪ್ಪ ಅಳೆದು, ಪೊರೆ ಹೇಗೆ ಬಿಡುತ್ತದೆ ಎಂದು ಊಹಿಸಲು ನೋಡಿದೆ. ಏನೂ ಹೊಂದಲಿಲ್ಲ, ಏಕೆಂದರೆ ನೀರು ಕುಡಿಯುವುದು ಸ್ಟ್ರೋಮಾ, ಪೊರೆ ಅಲ್ಲ. ಊತದಿಂದ ಪೊರೆಯಲ್ಲಿ ಬೀಳುವ ಮಡಿಕೆಗಳು ಮಾತ್ರ ಗೀರುವಾಗ ಕಾಡುತ್ತವೆ. ಬಣ್ಣದ ಪ್ರಯೋಗ ಉಪಯೋಗಕ್ಕೆ ಬಂತು: ಬಿಡಿಸಿದ ಸುರುಳಿಯನ್ನು ಒಂದು ನಿಮಿಷ ಅದ್ದಿದರೆ ಕಣ್ಣೊಳಗೆ ಬೇಗ ಮಸುಕಾಗುತ್ತದೆ, ಮೂರು–ನಾಲ್ಕು ನಿಮಿಷ ಬಿಟ್ಟರೆ ಗ್ರಾಫ್ಟನ್ನು ಒತ್ತಿ ಹಿಡಿಯುವ ಗುಳ್ಳೆ ಹಾಕುವವರೆಗೂ ಅಂಚು ಕಾಣುತ್ತದೆ.

ಅಂಚು ಕಾಣದಿದ್ದರೆ ಯಾವ ಬದಿ ಮೇಲೆ ಎಂದು ಹೇಳಲಾಗದು. ಎಂಡೋಥೀಲಿಯಂ ಸುರುಳಿಯ ಹೊರಗಿರುವುದರಿಂದ, ಅಂಚುಗಳು ಮೇಲಕ್ಕೆ ಸುರುಳಿಯಾಗಿದ್ದರೆ ಗ್ರಾಫ್ಟ್ ಸರಿಯಾಗಿ ಕೂತಿದೆ. ಕೆಳಕ್ಕೆ ಬಾಗಿದ್ದರೆ ಗಾಳಿಯನ್ನಾಗಲಿ ಗ್ಯಾಸನ್ನಾಗಲಿ ಬಿಡದೆ ಮೊದಲು ತಿರುಗಿಸುತ್ತೇನೆ.